ದೋಣಿಯ ಹೊಟ್ಟೆಯಲ್ಲಿ ನಾಲ್ಕು ತೂತು

ಎಪ್ಪತ್ತು ದಾಟಿದ ಮೇಲೆ ಮನುಷ್ಯನಿಗೆ ಹೊಸ ತಪ್ಪು ಮಾಡುವ ಅವಕಾಶಗಳು ಕಡಿಮೆಯಾಗುತ್ತವೆ ಎಂದು ನಾನು ನಂಬಿದ್ದೆ. ಸಿಹಿ ತಿನ್ನುವಂತಿಲ್ಲ, ಜಗಳವಾಡಲು ಉಸಿರು ಸಾಲದು, ಸುಳ್ಳು ಹೇಳೋಣವೆಂದರೆ ಯಾರಿಗೆ ಏನು ಹೇಳಿದ್ದೆ ಎಂಬುದೇ ನೆನಪಿರುವುದಿಲ್ಲ. ಇನ್ನು ಉಳಿದಿರುವುದು ಹಳೆಯ ತಪ್ಪುಗಳನ್ನು ಒಂದೊಂದಾಗಿ ಒಪ್ಪಿಕೊಂಡು ಹಗುರಾಗುವುದು ಮಾತ್ರ ಎಂದುಕೊಂಡು ನೆಮ್ಮದಿಯಾಗಿದ್ದೆ. ಅಂಥ ಹೊತ್ತಿನಲ್ಲೇ ನಾನು ಒಂದು ದೋಣಿಯನ್ನು ಮುಳುಗಿಸಿದೆ. ಮುಳುಗಿಸಿದ್ದು ದೊಡ್ಡದಲ್ಲ. ಆ ತಪ್ಪನ್ನು ಐವತ್ತು ವರ್ಷದ ಗೆಳೆಯನ ತಲೆಗೆ ಕಟ್ಟಿ, ಐದು ತಿಂಗಳು ಎರಡು ಹೊತ್ತೂ ಹೊಟ್ಟೆ ತುಂಬ ಊಟ ಮಾಡಿದೆ. ಅದನ್ನು ಇಲ್ಲಿ ಹೇಳಿಬಿಡಬೇಕೆಂದು ನಿರ್ಧರಿಸಿ ಕೂತಿದ್ದೇನೆ. ಕನ್ನಡಕ ಒರೆಸಿಕೊಂಡಾಗಿದೆ, ಕಾಫಿಯೂ ಮುಗಿದಿದೆ, ಏಳಲು ಬೇರೆ ನೆಪವಿಲ್ಲ.

ಆ ಗೆಳೆಯನ ಹೆಸರು ಏಳುಮಲೈ. ಹಲಸೂರು ಮಾರ್ಕೆಟ್ಟಿನ ಹಿಂದಿನ ಗಲ್ಲಿಯಲ್ಲಿ ಅವನ ಮನೆ. ನನ್ನದು ವಿಮಾನಪುರ. ಎಸ್ಸೆಸ್ಸೆಲ್ಸಿ ಮುಗಿಸಿ ಇಬ್ಬರೂ ಒಂದೇ ವರ್ಷ ವಿಮಾನದ ಕಾರ್ಖಾನೆಗೆ ಸೇರಿದವರು. ನಮ್ಮ ಕೆಲಸ ರಿವೆಟ್ ಹೊಡೆಯುವುದು, ಅಂದರೆ ವಿಮಾನದ ಅಲ್ಯೂಮಿನಿಯಂ ಹಾಳೆಗಳನ್ನು ಮೊಳೆಯಂಥ ಸಣ್ಣ ಗುಂಡಿಗಳಿಂದ ಕೂಡಿಸುವುದು. ಇದಕ್ಕೆ ಇಬ್ಬರು ಬೇಕೇ ಬೇಕು. ಹೊರಗಿನಿಂದ ಒಬ್ಬ ಗನ್ನಿನಲ್ಲಿ ಹೊಡೆಯಬೇಕು, ಒಳಗಿನಿಂದ ಇನ್ನೊಬ್ಬ ಒಂದು ಕಬ್ಬಿಣದ ಗಟ್ಟಿಯನ್ನು ಒತ್ತಿ ಹಿಡಿಯಬೇಕು. ಹೊರಗೆ ನಾನು, ಒಳಗೆ ಅವನು. ನಡುವೆ ಹಾಳೆ ಇರುವುದರಿಂದ ಮುಖ ಕಾಣುವುದಿಲ್ಲ, ಗದ್ದಲದಲ್ಲಿ ಮಾತೂ ಕೇಳುವುದಿಲ್ಲ. ಒಳಗಿನವನು ಹಾಳೆಯ ಮೇಲೆ ತಟ್ಟಿ ತಿಳಿಸುತ್ತಾನೆ. ಒಂದು ತಟ್ಟಿದರೆ ಸಾಲದು, ಇನ್ನೂ ಹೊಡಿ. ಎರಡು ತಟ್ಟಿದರೆ ಸರಿಯಾಗಿದೆ, ಮುಂದಕ್ಕೆ ಹೋಗು. ಮೂರು ತಟ್ಟಿದರೆ ಕೆಟ್ಟಿದೆ, ಕಿತ್ತುಹಾಕು. ಮೂವತ್ತು ವರ್ಷ ನಾವು ಆಡಿದ ಮಾತು ಇಷ್ಟೇ. ಗೆಳೆತನ ಅಷ್ಟು ಗಟ್ಟಿಯಾಗಿದ್ದುದಕ್ಕೆ ಅದೇ ಕಾರಣವಿರಬಹುದೆಂದು ನನ್ನ ಹೆಂಡತಿ ಸರೋಜಾ ಹೇಳುತ್ತಾಳೆ.

ಇಷ್ಟಕ್ಕೆಲ್ಲ ಮೂಲ ಏಳುಮಲೈಯ ಫೋನು. ಒಂದು ಬೆಳಿಗ್ಗೆ ನಮ್ಮ ಪಾರ್ಕಿನ ಬೆಂಚಿನ ಮೇಲೆ ಕೂತು ಅವನು ಒಂದು ವಿಡಿಯೋ ತೋರಿಸಿದ. ಯಾವುದೋ ಚಳಿದೇಶದ ಕಾಡು. ನಮ್ಮ ವಯಸ್ಸಿನ ಬಿಳಿಗಡ್ಡದವನೊಬ್ಬ ಒಂಟಿಯಾಗಿ ಉದ್ದನೆಯ ಸಪೂರ ದೋಣಿಯಲ್ಲಿ ಹುಟ್ಟು ಹಾಕುತ್ತಾ ಹೋಗುತ್ತಾನೆ. ಊರಿಲ್ಲ, ರಸ್ತೆಯಿಲ್ಲ. ಒಂದು ಸರೋವರ ಮುಗಿದ ಕೂಡಲೇ ದೋಣಿಯನ್ನು ಎತ್ತಿ, ತಲೆಯ ಮೇಲೆ ಟೋಪಿಯ ಹಾಗೆ ಬೋರಲು ಹಾಕಿಕೊಂಡು, ಕಾಡಿನೊಳಗೆ ನಡೆದು ಮುಂದಿನ ಸರೋವರಕ್ಕೆ ಇಳಿಯುತ್ತಾನೆ.

“ನೋಡು ಮಗಾ, ನೀರಲ್ಲಿ ಅದು ಇವನನ್ನ ಹೊರುತ್ತೆ, ನೆಲದಲ್ಲಿ ಇವನು ಅದನ್ನ ಹೊರ್ತಾನೆ. ಗಂಡ ಹೆಂಡ್ತಿ ಥರ,” ಎಂದ ಏಳುಮಲೈ. ಆಮೇಲೆ ಫೋನನ್ನು ಮೂಗಿನ ಹತ್ತಿರ ತಂದು, “ಏಯ್ ನಾಗು, ಅದು ಅಲ್ಯೂಮಿನಿಯಂ ಶೀಟು ಕಣೋ! ಅಂಚಲ್ಲಿ ನೋಡು, ರಿವೆಟ್ಟು! ನಮ್ ಕೆಲ್ಸಾನೇ ಅಲ್ವಾ ಇದು?” ಎಂದು ಕೂಗಿದ. ವಾಕಿಂಗಿಗೆ ಬಂದವರೆಲ್ಲ ತಿರುಗಿ ನೋಡಿದರು. ಫೋನನ್ನು ಜೇಬಿಗೆ ಹಾಕಿಕೊಂಡು, “ಅಷ್ಟು ವಿಮಾನ ಕಟ್ಟಿದ್ವಿ. ಒಂದ್ರಲ್ಲಾದ್ರೂ ಕೂತ್ವಾ? ಸಾಯೋದ್ರೊಳಗೆ ನಾವು ಕಟ್ಟಿದ್ರಲ್ಲಿ ನಾವೇ ಒಂದ್ಸಲ ಕೂತ್ಕೊಂಡು ಹೋಗ್ಬೇಕು ಗುರು,” ಎಂದ.

ಮೂವತ್ತು ವರ್ಷ ವಿಮಾನದ ಹೊಟ್ಟೆಯೊಳಗೆ ಬೆನ್ನು ಬಗ್ಗಿಸಿ ಕೂತವನು ಅವನು, ನಾನಲ್ಲ. ಅದು ಹಾರಲು ತಯಾರಾದ ದಿನ ಅವನನ್ನು ಇಳಿಸಿಬಿಡುತ್ತಿದ್ದರು. ಹಾಗಾಗಿ ಅಲ್ಲೇ ತೀರ್ಮಾನವಾಯಿತು. ದೋಣಿ ಕಟ್ಟುವುದು, ಶರಾವತಿಯ ಹಿನ್ನೀರಿನಲ್ಲಿ ನಾಲ್ಕು ದಿನ ಹೋಗುವುದು, ನಡುಗಡ್ಡೆಗಳಲ್ಲಿ ಅನ್ನ ಬೇಯಿಸಿಕೊಂಡು ಮಲಗುವುದು. ಸರೋಜಾಳಿಗೆ ಹೇಳಿದೆ. “ಹಲಸೂರು ಕೆರೆ ಪಕ್ಕ ಬಸ್ಸು ಹೋಗುವಾಗ್ಲೇ ಒಳಗಿನ ಸೀಟಿಗೆ ಸರಿಯೋ ಮನುಷ್ಯ ನೀವು,” ಎಂದಳು. ಸುಳ್ಳಲ್ಲ. ಆದರೆ ಗಂಡಸಿಗೆ ನಿರ್ಧಾರ ಬರುವುದೇ ಇಂಥ ಮಾತುಗಳಿಂದ.

ಹಾಳೆಗಾಗಿ ಶಿವಾಜಿನಗರದ ಗುಜರಿ ಅಂಗಡಿಗಳನ್ನು ಮೂರು ದಿನ ಅಲೆದೆವು. ಏಳುಮಲೈ ಒಂದೊಂದು ಹಾಳೆಯನ್ನೂ ಉಗುರಿನಿಂದ ತಟ್ಟಿ, ಕಿವಿಗೊಟ್ಟು ಕೇಳಿ, ಬೇಡವೆಂದು ಬದಿಗಿಡುವುದನ್ನು ನೋಡಿ ಅಂಗಡಿಯವನು, “ಕ್ಯಾ ಚಾಚಾ, ರಿಟೈರ್ ಹೋಕೆ ಭೀ ಜಹಾಜ್ ಬನಾರೇ ಕ್ಯಾ?” ಎಂದು ನಕ್ಕ, ರಿಟೈರಾದ ಮೇಲೂ ವಿಮಾನ ಕಟ್ಟುತ್ತಿದ್ದೀರಾ ಅಂತ. “ಹೌದಪ್ಪ, ಈ ಸಲ ನಮಗೇ,” ಎಂದ ಏಳುಮಲೈ. ಬಾಡಿಗೆಗೆ ಗನ್ನು ತಂದು ನಮ್ಮ ಮನೆಯ ತಾರಸಿಯಲ್ಲಿ ಕೆಲಸ ಶುರುಮಾಡಿದೆವು. ಅಕ್ಕಪಕ್ಕದವರು ಸದ್ದಿಗೆ ಗೊಣಗಿದಾಗಲೆಲ್ಲ ಸರೋಜಾ ಕೋಡುಬಳೆ ಹಂಚಿ ಬರುತ್ತಿದ್ದಳು. ದೋಣಿ ಮುಗಿಯುವ ಹೊತ್ತಿಗೆ ನಮ್ಮ ಬೀದಿಯಲ್ಲಿ ಗೊಣಗುವವರ ಸಂಖ್ಯೆ ಎರಡರಷ್ಟಾಗಿತ್ತು.

ಏಳುಮಲೈ ಒಂದು ಹಗಲು ಪೂರ್ತಿ ದೋಣಿಯೊಳಗೆ ನೀರು ತುಂಬಿಸಿಟ್ಟು, ಕೆಳಗೆ ಹಳೆಯ ನ್ಯೂಸ್ ಪೇಪರ್ ಹಾಸಿ ಕಾದ. ಒಂದು ಹನಿ ಬೀಳಲಿಲ್ಲ. ದೋಣಿಯ ಹೊಟ್ಟೆ ಎಷ್ಟು ನುಣುಪಾಗಿತ್ತೆಂದರೆ, ಸ್ವಲ್ಪ ಜೋರಾಗಿ ಹುಟ್ಟು ಹಾಕಿದರೆ ಮೇಲಕ್ಕೆ ಎದ್ದುಬಿಡುತ್ತದೆಂದು ನನಗೆ ನಿಜವಾಗಿಯೂ ಭಯವಾಗಿತ್ತು.

ಹೊರಡುವ ಹಿಂದಿನ ಮಧ್ಯಾಹ್ನ ನಾನೊಬ್ಬನೇ ತಾರಸಿಗೆ ಹೋಗಿ ಕೊನೆಯದಾಗಿ ಎಲ್ಲ ಒರೆಸಿ, ಅಂಚು ಉಜ್ಜಿ, ನೋಡಿದೆ. ಏನೋ ಕಡಿಮೆಯಾಗಿದೆ ಅನ್ನಿಸಿತು. ಏನೆಂದು ಹೊಳೆಯಲಿಲ್ಲ. ಕೈಗೆ ಮಾತ್ರ ಹೊಳೆಯಿತು. ಇಲ್ಲಿ ಸ್ವಲ್ಪ ಕಾರ್ಖಾನೆಯ ವಿಷಯ ಹೇಳಬೇಕು. ವಿಮಾನದ ಹೊಟ್ಟೆಯ ತಗ್ಗಿನಲ್ಲಿ ಸಣ್ಣ ತೂತುಗಳಿರುತ್ತವೆ, ಒಳಗೆ ಸೇರಿದ ನೀರು ಬಸಿದು ಹೋಗಲೆಂದು. ಅವಿಲ್ಲದಿದ್ದರೆ ಇನ್‌ಸ್ಪೆಕ್ಟರು ಇಡೀ ಭಾಗವನ್ನೇ ವಾಪಸ್ ಕಳಿಸುತ್ತಿದ್ದರು. ನನ್ನ ಕೊನೆಯ ಹತ್ತು ವರ್ಷ ಕಳೆದದ್ದು ಆ ತೂತು ಕೊರೆಯುವುದರಲ್ಲೇ. ಅಂದು ಮಧ್ಯಾಹ್ನವೂ ನಾನು ಡ್ರಿಲ್ ತೆಗೆದುಕೊಂಡು, ದೋಣಿಯ ಹೊಟ್ಟೆಯ ಅತ್ಯಂತ ತಗ್ಗಿನ ಜಾಗದಲ್ಲಿ, ಒಂದೇ ಸಾಲಿನಲ್ಲಿ, ನಾಲ್ಕು ಚೆಂದದ ತೂತು ಕೊರೆದೆ. ಅಂಚಿನ ಚೂರುಗಳನ್ನೂ ತೆಗೆದೆ. ತೃಪ್ತಿಯಾಯಿತು. ಕೆಳಗಿಳಿದು ಬಂದು ಮಜ್ಜಿಗೆ ಕುಡಿದು ಮಲಗಿದೆ.

ಶರಾವತಿಯ ದಡದಲ್ಲಿ ನಾಲ್ಕು ದಿನದ ಅಕ್ಕಿ, ಬೇಳೆ, ಡೇರೆ, ಸ್ಟವ್ ಎಲ್ಲ ನಡುವೆ ತುಂಬಿ, ಲೈಫ್ ಜಾಕೆಟ್ ಬಿಗಿದುಕೊಂಡು ಹೊರಟೆವು. ಮುಂದೆ ಏಳುಮಲೈ, ಹಿಂದೆ ನಾನು. ಮೂವತ್ತು ಮಾರು ಹೋಗುವಷ್ಟರಲ್ಲಿ ಅವನು ತಿರುಗಿ, “ಮಗಾ, ಕೂತ್ಬಿಟ್ವಿ!” ಎಂದು ನಕ್ಕ. ಅವನ ಹಲ್ಲುಸೆಟ್ಟು ಪೂರ್ತಿ ಕಂಡದ್ದು ಅದೇ ಮೊದಲು. ನಲವತ್ತು ಮಾರು ಹೋಗುವಷ್ಟರಲ್ಲಿ ನನ್ನ ಪಾದ ತಣ್ಣಗಾಯಿತು. ಐವತ್ತಕ್ಕೆ ಅಕ್ಕಿಚೀಲ ತೇಲಲು ನೋಡಿ, ಆಗದೆ ಕೂತಿತು. ಮುಳುಗಿದ ದೋಣಿಯನ್ನು ಎಳೆದುಕೊಂಡು ಎದೆಮಟ್ಟದ ನೀರಿನಲ್ಲಿ ನಡೆದು ಬಂದೆವು. ದಡದಲ್ಲಿ ಬಲೆ ಒಣಗಿಸುತ್ತಿದ್ದವನೊಬ್ಬ ನಮ್ಮ ಚೀಲ ಮುಟ್ಟಿ ನೋಡಿ, “ಅಕ್ಕಿ ನೆಂದಾಯ್ತಲ್ಲ, ಇನ್ನು ಉದ್ದು ಹಾಕಿ ರುಬ್ಬಿದ್ರೆ ದೋಸೆಗೆ ಆಗ್ತದೆ,” ಎಂದ.

ನಾನು ನಗಬಹುದಿತ್ತು. ಅದರ ಬದಲು, ನೀರು ಸುರಿಯುತ್ತಿದ್ದ ಮೀಸೆಯೊಳಗಿನಿಂದ, “ನಿನ್ನ ಕೈ ಸಡಿಲವಾಗಿದೆ ಕಣೋ, ಗಟ್ಟಿ ಸರಿಯಾಗಿ ಹಿಡಿದಿಲ್ಲ ನೀನು,” ಎಂದೆ. ಮೂವತ್ತು ವರ್ಷದಲ್ಲಿ ಅವನು ಹಿಡಿದ ಒಂದು ರಿವೆಟ್ಟೂ ತಪಾಸಣೆಯಲ್ಲಿ ಬಿದ್ದಿರಲಿಲ್ಲ. ಅವನು ತನ್ನ ಅಂಗೈಗಳನ್ನು ತಿರುಗಿಸಿ ನೋಡಿಕೊಂಡ. ನೀರು ಚೆಲ್ಲಿ, ದೋಣಿಯನ್ನು ಆ ಬಿಳಿಗಡ್ಡದವನ ಹಾಗೆ ಇಬ್ಬರೂ ತಲೆಯ ಮೇಲೆ ಬೋರಲು ಹೊತ್ತು ಟೆಂಪೋ ಕಡೆ ನಡೆದೆವು. ಮುಂದೆ ಅವನು, ಹಿಂದೆ ನಾನು. ಆಗ ನೋಡಿದೆ. ಅವನ ಒದ್ದೆ ಅಂಗಿಯ ಬೆನ್ನಿನ ಮೇಲೆ ಬಿಸಿಲಿನ ನಾಲ್ಕು ದುಂಡು ಚುಕ್ಕೆಗಳು, ಒಂದೇ ಸಾಲಿನಲ್ಲಿ ಅಲುಗುತ್ತಾ ಹೋಗುತ್ತಿದ್ದವು. ಅಷ್ಟು ಚೆಂದದ ತೂತು ಕೊರೆಯುವವನು ಈ ಬೆಂಗಳೂರಿನಲ್ಲಿ ಒಬ್ಬನೇ ಇದ್ದಾನೆ.

ಆಗಲೇ ಹೇಳಬೇಕಿತ್ತು. ಟೆಂಪೋದಲ್ಲಿ ಹೇಳೋಣವೆಂದುಕೊಂಡೆ, ಡ್ರೈವರ್ ಇದ್ದಾನೆಂದು ಬಿಟ್ಟೆ. ಊಟಕ್ಕೆ ನಿಂತಾಗ ಹೇಳೋಣವೆಂದುಕೊಂಡೆ, ಹಸಿವಾಗಿತ್ತು. ಕೆ.ಆರ್. ಪುರ ಬಂತು, ಟ್ರಾಫಿಕ್ಕಿನಲ್ಲಿ ಒಂದು ಗಂಟೆ ನಿಂತೆವು. ಅಷ್ಟು ಹೊತ್ತಿನಲ್ಲಿ ಒಂದು ಜನ್ಮದ ಪಾಪವನ್ನೆಲ್ಲ ಹೇಳಿ ಮುಗಿಸಬಹುದಿತ್ತು, ಹಾರ್ನ್ ಸದ್ದು ಜಾಸ್ತಿ ಎಂದುಕೊಂಡೆ.

ಮಾರನೆಯ ದಿನ ಮಾಡಿದ್ದು ಇನ್ನೂ ಕೆಟ್ಟದ್ದು. ಆ ನಾಲ್ಕು ತೂತಿಗೆ ರಿವೆಟ್ ಹೊಡೆದು ಮುಚ್ಚಲು ನಿಂತೆ. ಒಬ್ಬನಿಂದ ಆಗುವ ಕೆಲಸವಲ್ಲವಲ್ಲ, ಸರೋಜಾಳನ್ನು ಕರೆದು ಒಂದು ಕಬ್ಬಿಣದ ತುಂಡು ಕೊಟ್ಟು, ಒಳಗಿನಿಂದ ಒತ್ತಿ ಹಿಡಿ ಎಂದೆ. ಅವಳು ಸೆರಗು ಸಿಕ್ಕಿಸಿಕೊಂಡು ಹಿಡಿದಳು. ನಾಲ್ಕನೆಯದು ಮುಗಿದ ಮೇಲೆ, “ಯಾಕ್ರೀ ಇದನ್ನ ಏಳುಮಲೈ ಅಣ್ಣನ್ನ ಬಿಟ್ಟು ಮಾಡ್ತಿರೋದು?” ಎಂದು ಕೇಳಿದಳು. ನಾನು ಉತ್ತರ ಕೊಡಲಿಲ್ಲ. ನಲವತ್ತೈದು ವರ್ಷ ಸಂಸಾರ ಮಾಡಿದವಳಿಗೆ ಅದೇ ಉತ್ತರ.

ವಾರ ಬಿಟ್ಟು ಏಳುಮಲೈ ಬಂದ. ಮತ್ತೆ ನೀರು ತುಂಬಿಸಿ ನೋಡಿದ. ಒಂದು ಹನಿಯೂ ಇಲ್ಲ. ಅವನಿಗೆ ಅರ್ಥವಾಗಲಿಲ್ಲ. ಕಣ್ಣು ಮುಚ್ಚಿ ಒಳಗೆಲ್ಲ ಬೆರಳಾಡಿಸುತ್ತಾ ಹೋದವನು ತಗ್ಗಿನಲ್ಲಿ ನಿಂತ. “ಈ ನಾಲ್ಕು ಯಾವಾಗ ಹೊಡೆದ್ವೋ? ನಾನು ಹಿಡಿದ ನೆನಪೇ ಇಲ್ಲ,” ಎಂದ. ಆಗ ನಾನು ಹೇಳಿದ ಮಾತು ಇದು: “ಮರೆತ್ಬಿಟ್ಯಾ? ಆವತ್ತೇ ಹೊಡೆದ್ವಲ್ಲೋ.”

ಅವನ ಮುಖದಲ್ಲಿ ಬಂದದ್ದು ಸಿಟ್ಟಾಗಿದ್ದರೆ ತಡೆದುಕೊಳ್ಳುತ್ತಿದ್ದೆ. ಬಂದದ್ದು ಭಯ. ಆಮೇಲೆ ಅವನು ಪಾರ್ಕಿಗೆ ಬರುವುದು ಕಡಿಮೆಯಾಯಿತು, ನಿಂತೇ ಹೋಯಿತು. ಐದು ತಿಂಗಳು ಕಳೆದ ಮೇಲೆ ಒಂದು ದಿನ ಬಂದು, ಮೂವತ್ತು ವರ್ಷ ಹಿಡಿದ ಆ ಗಟ್ಟಿಯನ್ನು ನಮ್ಮ ಊಟದ ಮೇಜಿನ ಮೇಲಿಟ್ಟ. “ಇದು ನಿನ್ ಹತ್ರಾನೇ ಇರ್ಲಿ. ನನ್ ಕೈಯೂ ಹೋಯ್ತು, ತಲೆನೂ ಹೋಗ್ತಾ ಇದೆ. ಎಲ್ಲಿಟ್ಟೆ ಅಂತ ಮರೆತ್ಬಿಟ್ರೆ ಬೇಜಾರು,” ಎಂದು ಹೇಳಿ, ಕಾಫಿ ಕುಡಿಯದೆ ಹೋದ.

ಸರೋಜಾ ಆ ಗಟ್ಟಿಯನ್ನು ನೋಡಿದಳು, ನನ್ನನ್ನು ನೋಡಿದಳು. “ನೀವು ಹೋಗಿ ಹೇಳ್ತೀರೋ, ನಾನು ಹೋಗಿ ಹೇಳ್ಲೋ? ಆ ರಿವೆಟ್ ಹಿಡಿದೋಳು ನಾನು. ಅಣ್ಣ ತಲೆ ಕೆಟ್ಟಿದೆ ಅಂದ್ಕೊಂಡು ಕೊರಗ್ತಾ ಇದ್ರೆ ನನಗೂ ಅದ್ರಲ್ಲಿ ಪಾಲು ಬರುತ್ತೆ,” ಎಂದಳು.

ಹೋದೆ. ಮೊದಲ ಸಲ ಅವನ ಹೆಂಡತಿ ಕನಕಾ ಬಿಸಿ ಪಣಿಯಾರ ಕೊಟ್ಟಳು. ಬಾಯಿ ತುಂಬಿದ್ದಾಗ ಪಾಪ ಹೇಳಲಾಗುವುದಿಲ್ಲ. ಎರಡನೆಯ ಸಲ ಮೆಟ್ರೋ ಬಗ್ಗೆ ಮಾತಾಡಿ ಬಂದೆ. ಮೂರನೆಯ ಸಲ ಗಟ್ಟಿಯನ್ನು ಕೈಚೀಲದಲ್ಲಿ ಹಾಕಿಕೊಂಡು, ಇಂದಿರಾನಗರದಲ್ಲೇ ಬಸ್ ಇಳಿದು, ಹೇಳಬೇಕಾದದ್ದನ್ನು ಬಾಯಿಪಾಠ ಮಾಡುತ್ತಾ ನಡೆದೇ ಹೋದೆ. ಅವನ ಮನೆಯ ಬಾಗಿಲು ತಗಡಿನದು. ಏಳುಮಲೈ ತೆರೆದ ಕೂಡಲೇ, ಪಾಠ ಮರೆಯುವ ಮುಂಚೆ, “ದೋಣಿಗೆ ತೂತು ಕೊರೆದದ್ದು ನಾನು. ನಾಲ್ಕು. ಡ್ರೇನ್ ಹೋಲ್,” ಎಂದುಬಿಟ್ಟೆ.

ಅವನು ನನ್ನನ್ನೇ ನೋಡಿದ. ಬಾಗಿಲು ಮುಚ್ಚಿದ.

ನಾನು ಗಲ್ಲಿಯಲ್ಲಿ ನಿಂತಿದ್ದೆ. ಎದುರು ಮನೆಯಾಕೆ ಅಕ್ಕಿ ಆರಿಸುವುದನ್ನು ನಿಲ್ಲಿಸಿ ನೋಡತೊಡಗಿದರು. ಆಗ ಒಳಗಿನಿಂದ ತಗಡಿನ ಮೇಲೆ ತಟ್ಟಿದ ಸದ್ದು. ಒಂದು.

ಸಾಲದು, ಇನ್ನೂ ಹೊಡಿ.

ಬಾಗಿಲಿಗೆ ಬಾಯಿ ಹತ್ತಿರ ತಂದು, “ಅದೇ ದಿನ ಗೊತ್ತಾಯ್ತು, ನಿನ್ನ ಬೆನ್ನ ಮೇಲೆ ಬಿಸಿಲು ಕಂಡಾಗ. ಗೊತ್ತಾಗಿಯೂ ಹೇಳಲಿಲ್ಲ,” ಎಂದೆ.

ಮತ್ತೆ ಒಂದು.

“ಆ ನಾಲ್ಕು ರಿವೆಟ್ ನೀನು ಹಿಡಿದದ್ದಲ್ಲ. ಸರೋಜಾ ಹಿಡಿದದ್ದು. ನಿನಗೆ ಮರೆವು ಬಂದಿಲ್ಲ. ನಾನು ಸುಳ್ಳು ಹೇಳಿದೆ. ನಿನ್ನ ತಲೆಯೂ ಸರಿಯಾಗಿದೆ, ಕೈಯೂ ಸರಿಯಾಗಿದೆ. ಕೆಟ್ಟಿರೋದು ನಾನು.”

ಎದುರು ಮನೆಯಾಕೆ ಮೊರವನ್ನೇ ಕೆಳಗಿಟ್ಟಿದ್ದರು. ಆಮೇಲೆ ಎರಡು ಸಲ ತಟ್ಟಿದ. ಸರಿಯಾಗಿದೆ, ಮುಂದಕ್ಕೆ ಹೋಗು. ಬಾಗಿಲು ತೆರೆಯಿತು. ಅವನ ಕಣ್ಣು ಒದ್ದೆಯಾಗಿತ್ತು, ಬಾಯಿ ಮಾತ್ರ ಎಂದಿನದೇ. “ಡಾಕ್ಟ್ರ ಹತ್ರ ಹೋಗಿ ತಲೆ ತೋರಿಸ್ಕೊಂಡು ಬಂದಿದೀನಿ ಕಣೋ, ಪಾಪಿ! ಇವತ್ತು ಯಾವ ವಾರ, ನೂರರಿಂದ ಹಿಂದಕ್ಕೆ ಎಣಿಸಿ ಅಂತ ಪ್ರಾಣ ತೆಗೆದ್ರು! ಅಲ್ಲಾ, ದೋಣಿಗೆ ಯಾವನಾದ್ರೂ ಡ್ರೇನ್ ಹೋಲ್ ಹಾಕ್ತಾನಾ?” ಎಂದು ನನ್ನ ಕೈಚೀಲದಿಂದ ಗಟ್ಟಿ ಕಿತ್ತುಕೊಂಡ. ಅದರಲ್ಲೇ ಹೊಡೆಯುತ್ತಾನೇನೋ ಎಂದುಕೊಂಡೆ. ಅಂಗಿಯಲ್ಲಿ ಒರೆಸಿ ಒಳಗಿಟ್ಟು ಬಂದು, “ಸರೋಜಮ್ಮ ಚೆನ್ನಾಗೇ ಹಿಡಿದಿದಾರೆ. ನಿನ್ ಹೊಡೆತಾನೇ ಸೊಟ್ಟ,” ಎಂದ.

ಈ ಸಲ ಮಳೆಗಾಲ ಮುಗಿದ ಕೂಡಲೇ ಮತ್ತೆ ಹೋದೆವು, ಮೂವರು. “ನನ್ನ ರಿವೆಟ್ ಮೇಲೆ ನಾನೇ ಕೂತ್ಕೋತೀನಿ,” ಎಂದು ಸರೋಜಾ ಸರಿಯಾಗಿ ಆ ನಾಲ್ಕರ ಮೇಲೆ ಚಾಪೆ ಹಾಸಿ ಕೂತಳು. ನನ್ನ ಡ್ರಿಲ್ಲನ್ನು ಅವಳು ಹೊರಡುವ ಮುಂಚೆಯೇ ಒಡವೆಯ ಬೀರುವಿನಲ್ಲಿಟ್ಟು ಬೀಗ ಹಾಕಿದ್ದಳು. ನಾಲ್ಕು ದಿನ ಹೋದೆವು. ಮುಳುಗಿದ ಮರಗಳ ಬೋಳು ತುದಿಗಳ ನಡುವೆ, ಫೋನು ಕೆಲಸ ಮಾಡದ ಕಡೆಗಳಲ್ಲಿ. ಎರಡು ನಡುಗಡ್ಡೆಗಳನ್ನು ದೋಣಿ ಹೊತ್ತೇ ದಾಟಿದೆವು. ಈ ಸಲ ಒಳಗೆ ಕತ್ತಲೋ ಕತ್ತಲು. ಏಳುಮಲೈಯ ಬೆನ್ನಿನ ಮೇಲೆ ಒಂದು ಚುಕ್ಕೆಯೂ ಇರಲಿಲ್ಲ.

ಮೂರನೆಯ ದಿನ, ಬರಬಾರದ ಹೊತ್ತಿನಲ್ಲಿ ಮಳೆ ಬಂತು. ಅರ್ಧ ಗಂಟೆ ಸುರಿಯಿತು. ನಿಂತ ಮೇಲೆ ನೋಡಿದರೆ ದೋಣಿಯೊಳಗೆ ಹಿಮ್ಮಡಿ ಮುಳುಗುವಷ್ಟು ನೀರು. ಸರೋಜಾ ಚೊಂಬಿನಲ್ಲಿ ಮೊಗೆದು ಮೊಗೆದು ಹೊರಗೆ ಚೆಲ್ಲತೊಡಗಿದಳು. ನಾನು ಹುಟ್ಟನ್ನು ಮಡಿಲಲ್ಲಿಟ್ಟುಕೊಂಡು ಆ ನೀರನ್ನೇ ನೋಡುತ್ತಿದ್ದೆ. ಎಲ್ಲವೂ ಬಂದು ತಗ್ಗಿನಲ್ಲಿ ಸೇರುತ್ತಿತ್ತು. ಅಲ್ಲೇ, ಆ ಅತ್ಯಂತ ತಗ್ಗಿನ ಜಾಗದಲ್ಲಿ. ನಾನು ಬಾಯಿ ಬಿಡಲಿಲ್ಲ, ಉಸಿರನ್ನೂ ಜೋರಾಗಿ ಬಿಡಲಿಲ್ಲ. ಸುಮ್ಮನೆ ಯೋಚಿಸಿದೆ, ಅಷ್ಟೇ.

ಮುಂದೆ ಕೂತಿದ್ದ ಏಳುಮಲೈ ತಿರುಗಿ ನೋಡದೆಯೇ ಕೈ ಹಿಂದಕ್ಕೆ ಚಾಚಿ, ದೋಣಿಯ ಪಕ್ಕಕ್ಕೆ ಮೂರು ಸಲ ತಟ್ಟಿದ.