ಬಾಗಿಲ ಮೇಲಿಟ್ಟ ಕೈ

ಧಾರಾವಾಹಿ ಟಿವಿಯೊಳಗೆ ಮಾತ್ರ ನಡೆಯುತ್ತದೆ ಅಂತ ನಂಬಿದವರು ನಮ್ಮ ಮನೆಗೆ ಬಂದಿರಲಿಕ್ಕಿಲ್ಲ. ರಿಸೆಷನ್ ಬಂದು ಡೆಟ್ರಾಯಿಟ್ ಸುತ್ತಮುತ್ತ ಬೀದಿ ಬೀದಿಯಲ್ಲೂ ಕೆಲಸ ಹೋಗುತ್ತಿದ್ದ ಕಾಲದಲ್ಲಿ, ನಮ್ಮಲ್ಲಿ ಇಂಥದ್ದು ಒಂದಲ್ಲ ಒಂದು ನಡೆಯುತ್ತಲೇ ಇತ್ತು.

೧. ಚಾಚಾನ ನಿಯಮ

ಡೆಟ್ರಾಯಿಟ್ ಪಕ್ಕದ ಕ್ಯಾಂಟನ್‌ನಲ್ಲಿ ನಾವು ದಿನಸಿ ತರುತ್ತಿದ್ದ ಅಂಗಡಿಯ ಮಾಲೀಕರು ಹುಬ್ಬಳ್ಳಿ ಕಡೆಯವರು. ಎಲ್ಲರಿಗೂ ಅವರು ಚಾಚಾ. ಊರಿನ ಧಾರಾವಾಹಿಗಳ ಡಿವಿಡಿ ಬಾಡಿಗೆಗೆ ಕೊಡುತ್ತಿದ್ದರು, ಆದರೆ ವಾರಕ್ಕೆ ಒಂದೇ. ಎಷ್ಟು ಗೋಗರೆದರೂ ಎರಡನೆಯದು ಇಲ್ಲ. ಒಂದು ವಾರದ ಡಿವಿಡಿ, ನಾಯಕಿ ಗಂಡನ ಕೋಣೆಯ ಬಾಗಿಲ ಮೇಲೆ ಕೈಯಿಟ್ಟಲ್ಲಿಗೆ ಮುಗಿದಿತ್ತು. ಒಳಗೆ ಅವನು ಊರು ಬಿಡಲು ಬಟ್ಟೆ ತುಂಬಿಕೊಳ್ಳುತ್ತಿದ್ದ.

"ಅವಳು ಬಾಗಿಲು ತೆಗೀತಾಳಾ ಇಲ್ವಾ, ಅಷ್ಟು ಹೇಳಿಬಿಡಿ ಚಾಚಾ," ಅಂದೆ.

ಅವರು ಬೆಂಡೆಕಾಯಿ ತೂಗುತ್ತಾ, "ಅದನ್ನ ಹೇಳಿದ್ರ ಮುಂದಿನ ವಾರ ನೀ ಬೆಂಡಿಕಾಯಿಗೂ ಬರಂಗಿಲ್ಲ ನೋಡ್ ತಂಗಿ," ಅಂದರು.

೨. ಬಾಗಿಲ ಇಂಜಿನಿಯರು

ನಮ್ಮ ಯಜಮಾನರು ಅಲ್ಲೇ ಹತ್ತಿರದ ಲಿವೋನಿಯಾದಲ್ಲಿ ಕಾರಿನ ಬಾಗಿಲು ಪರೀಕ್ಷಿಸುವ ಇಂಜಿನಿಯರ್. ಯಂತ್ರದಿಂದ ಬಾಗಿಲನ್ನು ಸಾವಿರಾರು ಸಲ ತೆಗೆಸಿ, ಹಾಕಿಸಿ, ಅದರ ಹಿಂಜ್, ಅಂದರೆ ಕೀಲು, ಎಷ್ಟು ಬಾಳುತ್ತದೆ ಅಂತ ನೋಡುವುದೇ ಅವರ ಕೆಲಸ. ಅಂಥವರ ಮುಂದೆ ಒಂದು ಬಾಗಿಲು ಎರಡು ಎಪಿಸೋಡ್, ನಡುವೆ ಹಿಂದಿನದನ್ನೇ ಮತ್ತೆ ತೋರಿಸುವ ರೀಕ್ಯಾಪ್ ಬೇರೆ, ಮುಚ್ಚಿಕೊಂಡೇ ಇದ್ದರೆ ಹೇಗಾಗಬೇಡ?

"ಬಾಗಿಲು ತೆಗೆಯೋದು ಎರಡು ಸೆಕೆಂಡ್ ಕೆಲಸ ಕಣೇ. ಇವಳ ಮನೇದೇನು ತುಕ್ಕು ಹಿಡಿದಿದೆಯಾ?"

"ಅದು ಟೆನ್ಶನ್ ರೀ! ಹೊರಗಡೆ ಅವಳ ಉಸಿರು ನೋಡಿ, ಒಳಗಡೆ ಅವನ ಕೈ ನಿಂತುಹೋಗಿದ್ದು ನೋಡಿ. ಒಬ್ಬರಿಗೊಬ್ಬರು ಕಾಣದೇನೇ ಇಬ್ರೂ ಒಂದೇ ಸಲ ಕಣ್ಣು ಮುಚ್ಚಿದ್ರು. ಕೆಮಿಸ್ಟ್ರಿ ಅಂದ್ರೆ ಅದು."

ಹೋಮ್‌ವರ್ಕ್ ಮಾಡುತ್ತಿದ್ದ ಹತ್ತು ವರ್ಷದ ಮಗಳು ತಲೆಯೆತ್ತದೆ ತೀರ್ಪು ಕೊಟ್ಟಳು: "ಅಪ್ಪಾ, ಇಟ್ಸ್ ನಾಟ್ ದ ಡೋರ್. ಇಟ್ಸ್ ಹರ್."

೩. ಕಾಫಿಗೆ ಮುಂಚಿನ ಉಸಿರು

ಆಮೇಲೆ ಅವರ ಕೆಲಸವೂ ಹೋಯಿತು. ಒಂದು ದಿನ ಬೆಳಿಗ್ಗೆ ಹನ್ನೊಂದಕ್ಕೇ ರಟ್ಟಿನ ಡಬ್ಬ ಹಿಡಿದು ಮನೆಗೆ ಬಂದರು. ಹಗಲೆಲ್ಲ ಕೆಲಸಕ್ಕೆ ಅಪ್ಲೈ ಮಾಡುವುದು, ಸಂಜೆ ನನ್ನ ಪಕ್ಕ ಕೂತು ಧಾರಾವಾಹಿ ನೋಡುವುದು. ಯಾರು ಎಷ್ಟು ಹೊತ್ತು ಬಾಗಿಲಲ್ಲಿ ನಿಂತರೂ ಬೈಯುತ್ತಿರಲಿಲ್ಲ. ನನಗೆ ಹೆದರಿಕೆಯಾದದ್ದೇ ಅದಕ್ಕೆ.

ಕೆಲವು ತಿಂಗಳಾದ ಮೇಲೆ ಒಂದು ಸಂಜೆ, ಕಾಫಿ ಬೇಕಾ ಅಂದೆ. ಉತ್ತರ ಕೊಡುವ ಮುಂಚೆ ಉಸಿರೆಳೆದುಕೊಂಡರು. ಮದುವೆಯಾದಾಗಿನಿಂದ ಅವರು ಕಾಫಿಗೆ ಯೋಚನೆ ಮಾಡಿದವರಲ್ಲ.

"ಏನೋ ಮುಚ್ಚಿಡ್ತಿದೀರ. ಎಷ್ಟು ದಿನದಿಂದ?"

"ಮೂರು ದಿನ," ಅಂದರು. "ಚಿಕಾಗೋದಲ್ಲಿ ಕೆಲಸ ಸಿಕ್ಕಿದೆ."

ಮನೆ ಮಾರೋಣವೆಂದರೆ ಕೊಳ್ಳುವವರಿಲ್ಲ. ಮೂವರ ಇನ್ಶೂರೆನ್ಸೂ ನನ್ನ ಆಸ್ಪತ್ರೆ ಲ್ಯಾಬಿನ ಕೆಲಸದ ಮೇಲೆ ನಿಂತಿತ್ತು. ಅವರೊಬ್ಬರೇ ಭಾನುವಾರ ಹೋಗಿ ಶುಕ್ರವಾರ ಬರಬೇಕು, ಒಂದು ಕಡೆಗೇ ಐದು ಗಂಟೆ ಡ್ರೈವ್. ಯೋಚಿಸಿದಷ್ಟೂ ಸಂಕಟವಾಗಿ ಅತ್ತುಬಿಟ್ಟೆ.

ಅವರು ಕಕ್ಕಾಬಿಕ್ಕಿಯಾಗಿ ನನ್ನ ಬೆನ್ನು ಸವರುತ್ತಾ, "ಅಲ್ವೇ, ಧಾರಾವಾಹಿ ಥರ ಮ್ಯೂಸಿಕ್ ಇಲ್ದೇನೇ ಹೇಗೆ ಕಂಡುಹಿಡಿದೆ?" ಅಂದರು.

೪. ನಮ್ಮ ಬಾಗಿಲು

ಭಾನುವಾರ ಮಧ್ಯಾಹ್ನ ಚಟ್ನಿಪುಡಿ, ರೈಸ್ ಕುಕ್ಕರ್, ಹಾಸಿಗೆ ಎಲ್ಲ ಕಾರು ಸೇರಿದವು. ಅವರು ಶೂ ಹಾಕಿಕೊಂಡು ಮುಂಬಾಗಿಲ ಹಿಡಿಯ ಮೇಲೆ ಕೈಯಿಟ್ಟರು. ಇಟ್ಟ ಕೈ ಇಟ್ಟಲ್ಲೇ ಇತ್ತು. ಅವರ ಬೆನ್ನು ನನ್ನ ಕಡೆಗಿತ್ತು. ನಾನು ಕಾಫಿ ಫ್ಲಾಸ್ಕ್ ಹಿಡಿದು ಹಿಂದೆ ನಿಂತಿದ್ದೆ. ಮಗಳು ಮೆಟ್ಟಿಲ ಮೇಲೆ ಕೂತಿದ್ದಳು.

"ತೆಗೀರಿ," ಅಂದೆ. "ಎರಡು ಸೆಕೆಂಡ್ ಕೆಲಸ ಅಂತಿದ್ರಲ್ಲ."

ತಿರುಗದೆಯೇ ಹೇಳಿದರು: "ತಪ್ಪು ಹಿಂಜ್‌ದಲ್ಲ ಕಣೇ. ಈಗ ಗೊತ್ತಾಯ್ತು."

ಹೇಗೋ ತೆಗೆದು ಹೋದರು. ನಾನು ಬಾಗಿಲಿಗೆ ಒರಗಿ ಅಳುತ್ತಿರುವಾಗಲೇ ಬೆಲ್ ಆಯಿತು. ತೆಗೆದರೆ ಅವರೇ.

"ಕಾರಿನ ಕೀ ಮರೆತೆ."

ಕೀ ತೆಗೆದುಕೊಂಡು, ಮತ್ತೆ ಅದೇ ಹಿಡಿಯ ಮೇಲೆ ಕೈಯಿಟ್ಟು ನಿಂತರು. ನಾನೂ ಅದೇ ಜಾಗದಲ್ಲಿ ಅದೇ ಮುಖ ಹೊತ್ತು ನಿಂತೆ.

ಮೆಟ್ಟಿಲ ಮೇಲಿಂದ ಮಗಳು ಕಣ್ಣೊರೆಸಿಕೊಳ್ಳುತ್ತಾ ಕೇಳಿದಳು: "ಅಮ್ಮಾ, ಈಸ್ ದಿಸ್ ದ ರೀಕ್ಯಾಪ್?"

ಮೂವರಿಗೂ ತಡೆಯಲಾರದ ನಗು ಬಂತು. ಆ ನಗುವಿನಲ್ಲೇ ಅವರು ಬಾಗಿಲು ತೆಗೆದರು. ಈ ಸಲ ಎರಡೇ ಸೆಕೆಂಡ್ ಹಿಡಿಯಿತು.