ಒಳಕಲ್ಲಿನ ಅಕ್ಷಾಂಶ, ರೇಖಾಂಶ

ನಮ್ಮ ಸೋದರಮಾವನಿಗೆ ಊರಿಲ್ಲ, ಓಣಿಯಿಲ್ಲ, ಮನೆ ನಂಬರು ಮೊದಲೇ ಇಲ್ಲ! ಹಾಗೆಂದು ಅವನನ್ನು ಅಲೆಮಾರಿ ಎಂದುಕೊಳ್ಳಬೇಡಿ. ಬೀಳಗಿಯ ಹತ್ತಿರದ ಪುನರ್ವಸತಿ ಕೇಂದ್ರದಲ್ಲಿ ಅವನದು ಗಟ್ಟಿಮುಟ್ಟಾದ ಮನೆಯಿದೆ, ಮನೆಯ ಮುಂದೆ ಬೇವಿನ ಗಿಡವಿದೆ, ಒಳಗೆ ನಮ್ಮ ಅತ್ತೆ ಇದ್ದಾಳೆ. ಆದರೆ ವಿಳಾಸ ಕೇಳಿ ನೋಡಿ. ಹದಿನಾರು ಡಿಗ್ರಿ ಇಪ್ಪತ್ತೊಂದು ಮಿನಿಟು ಉತ್ತರ, ಎಪ್ಪತ್ತೈದು ಡಿಗ್ರಿ ಮೂವತ್ತೇಳು ಮಿನಿಟು ಪೂರ್ವ ಎಂದು ಶುರು ಮಾಡುತ್ತಾನೆ. ಸೆಕೆಂಡಿಗೆ ಬರುವಷ್ಟರಲ್ಲಿ ಕೇಳಿದವರು ಜಾಗ ಖಾಲಿ ಮಾಡಿರುತ್ತಾರೆ.

ಮಾಮ ಮೋಜಣಿ ಇಲಾಖೆಯಲ್ಲಿದ್ದವನು. ಮೂವತ್ತು ವರ್ಷ ಸರಪಳಿ ಎಳೆದು ಜಮಖಂಡಿ, ಮುಧೋಳ, ಬೀಳಗಿಯ ಹೊಲಗಳಲ್ಲಿ ಅಣ್ಣತಮ್ಮಂದಿರಿಗೆ ಹದ್ದುಗಲ್ಲು ತೋರಿಸಿದವನು. "ಒಮ್ಮಿ ಅಳದದ್ದು ಅಳತಿ ಅಲ್ಲ. ಎರಡನೇ ಸಲಾನೂ ಅಷ್ಟ ಬಂದ್ರ ಅದು ಅಳತಿ" ಎಂಬುದು ಅವನ ವೇದವಾಕ್ಯ. ಬಟ್ಟೆ ಅಂಗಡಿಯಲ್ಲಿ ಅರ್ಧ ಮೀಟರ್ ಕುಪ್ಪಸದ ಕಣವನ್ನೂ ಎರಡು ಸಲ ಅಳೆಸುತ್ತಿದ್ದ. ಇದರಿಂದ ರೋಸಿಹೋದ ಅತ್ತೆ ಒಂದು ದಿನ ಪಲ್ಯಕ್ಕೆ ಎರಡು ಸಲ ಉಪ್ಪು ಹಾಕಿದಳು. ಯಾಕೆಂದು ಕೇಳಿದರೆ, ಒಮ್ಮೆ ಹಾಕಿದ್ದು ಉಪ್ಪಲ್ಲವಲ್ಲ ಎಂದಳಂತೆ! ಅಷ್ಟೆಲ್ಲ ಊರು ಸುತ್ತಿದ ಮನುಷ್ಯ ಹೆಂಡತಿಯನ್ನು ಮಾತ್ರ ಮುಧೋಳದ ಸಂತೆಗೂ ಕರೆದುಕೊಂಡು ಹೋದವನಲ್ಲ.

ಅಣೆಕಟ್ಟಿನ ಹಿನ್ನೀರು ಬಂದು ಹಳೆಯ ಊರು ಮುಳುಗುವ ಕಾಲಕ್ಕೆ ಜನ ಬಾಗಿಲು, ತೊಲೆ, ಕಿಟಕಿ ಎಲ್ಲ ಕಿತ್ತುಕೊಂಡು ಹೊರಟರು. ಅಡುಗೆಮನೆಯ ನೆಲದಲ್ಲಿ ಹೂತಿದ್ದ ಒಳಕಲ್ಲು ಮಾತ್ರ ಏನು ಮಾಡಿದರೂ ಮೇಲೇಳಲಿಲ್ಲ. ಮದುವೆಯಾಗಿ ಬಂದ ಮೊದಲ ವಾರದಿಂದ ಅತ್ತೆ ಅದರಲ್ಲೇ ಕೆಂಪು ಮೆಣಸಿನಕಾಯಿ ರಂಜಕ ಕುಟ್ಟಿದವಳು. ಮನೆ ಹೋದದ್ದಕ್ಕೆ ಅಳದವಳು ಆ ಕಲ್ಲಿಗಾಗಿ ಅತ್ತಳು. ಆಗ ಮಾಮ ಹನುಮಪ್ಪನ ಗುಡಿಯಿಂದ ಸರಪಳಿ ಹಿಡಿದು ಅಳೆದು, ತನ್ನ ಹಳೆಯ ನಕಾಶೆಯ ಮೇಲೆ ಪೆನ್ಸಿಲ್ಲಿನಿಂದ ಒಂದು ಚುಕ್ಕೆ ಇಟ್ಟ. ನೀರು ಇಳಿದ ಬೇಸಿಗೆಯಲ್ಲಿ ನಿನ್ನ ಕಲ್ಲನ್ನು ಹುಡುಕಿ ತೋರಿಸುತ್ತೇನೆ ಎಂದು ಮಾತು ಕೊಟ್ಟ. ಅಕ್ಷಾಂಶ ರೇಖಾಂಶದ ಹುಚ್ಚು ಹತ್ತಿದ್ದು ಅಲ್ಲಿಂದ. ನಿವೃತ್ತಿಯಾದ ಮೇಲೆ ಕೈಗೆ ಮೊಬೈಲ್ ಬಂತು ನೋಡಿ, ಹುಚ್ಚು ನೆತ್ತಿಗೇರಿತು!

ಒಮ್ಮೆ ನಾವಿಬ್ಬರೂ ಬನಹಟ್ಟಿಯಿಂದ ಬಸ್ಸಿನಲ್ಲಿ ಬರುತ್ತಿದ್ದೆವು. ಎಲ್ಲಿಗೆ ಎಂದು ಕೇಳಿದ ಕಂಡಕ್ಟರನಿಗೆ ಮಾಮ ಡಿಗ್ರಿ, ಮಿನಿಟು ಸಮೇತ ಉತ್ತರ ಕೊಟ್ಟ. ಅಷ್ಟಕ್ಕೇ ಬಿಟ್ಟನೇ? ಹದ್ದಿನ ಜಗಳಕ್ಕೆ ಪಂಚರಿದ್ದ ಹಾಗೆ ಆಕಾಶದಲ್ಲಿ ಉಪಗ್ರಹಗಳಿವೆ, ಒಂದೊಂದೂ ನೀನು ನನ್ನಿಂದ ಇಷ್ಟು ದೂರ ಇದ್ದೀ ಎಂದು ಸಾಕ್ಷಿ ಹೇಳುತ್ತದೆ, ಮೂರು ಸಾಕ್ಷಿ ಕೂಡಿದ ಕಡೆ ನಿನ್ನ ಜಾಗ ಸಿಗುತ್ತದೆ, ನಾಲ್ಕನೆಯ ಸಾಕ್ಷಿ ನಿನ್ನ ಮೊಬೈಲಿನ ಗಡಿಯಾರದ ಸುಳ್ಳು ಹಿಡಿಯಲಿಕ್ಕೆ ಎಂದು ಪಾಠ ಮಾಡಿದ. ಕಂಡಕ್ಟರ್ ಪುಣ್ಯಾತ್ಮ, ಪೂರ್ತಿ ಕೇಳಿಸಿಕೊಂಡ. ಕೊನೆಗೆ, "ಎಲ್ಲಾ ಖರೆ ಐತ್ರಿ ಯಜಮಾನ್ರ. ಆದ್ರ ಆ ಸ್ಟೇಜು ನಮ್ಮ ಮಷೀನ್‌ದಾಗ ಇಲ್ರಿ" ಎಂದ.

ಮಗಳ ಮದುವೆಯ ಕಥೆ ಕೇಳಿದರೆ ನೀವು ಅವನ ಮನೆಯ ನೀರೂ ಕುಡಿಯಲಿಕ್ಕಿಲ್ಲ. ಮದುವೆ ಇದ್ದದ್ದು ಜಮಖಂಡಿಯಲ್ಲಿ. ಲಗ್ನಪತ್ರಿಕೆಯಲ್ಲಿ ಮಂಟಪದ ಹೆಸರು ಇರುವೆಯ ಗಾತ್ರ. ಹದಿನಾರು ಡಿಗ್ರಿ ಮೂವತ್ತು ಮಿನಿಟು, ಎಪ್ಪತ್ತೈದು ಡಿಗ್ರಿ ಹದಿನೇಳು ಮಿನಿಟು ಎಂಬುದು ಆನೆಯ ಗಾತ್ರ. ಗದಗಿನ ಕಡೆಯ ಬೀಗರು ಬಸ್ಸು ಹತ್ತಿದವರೇ ಆ ಅಂಕಿಗಳ ನಡುವೆ ಚುಕ್ಕೆ ಇಟ್ಟು 16.30, 75.17 ಎಂದು ಮೊಬೈಲಿನಲ್ಲಿ ಒತ್ತಿದರು. ಮೊಬೈಲ್ ಅವರನ್ನು ಮುಧೋಳದಾಚೆಯ ಒಂದು ಕಬ್ಬಿನ ಹೊಲಕ್ಕೆ ಕರೆದೊಯ್ದು, ನೀವು ತಲುಪಿದ್ದೀರಿ ಎಂದು ಘೋಷಿಸಿತು! ಇತ್ತ ಅಕ್ಕಿಕಾಳು ಹಂಚಿ ನಾವೆಲ್ಲ ಮುಷ್ಟಿ ಬಿಗಿಹಿಡಿದು ನಿಂತಿದ್ದೆವು. ಅತ್ತ ಬಾಸಿಂಗ ಕಟ್ಟಿದ ವರ ಕಬ್ಬು ಕಡಿಯುವವರ ನಡುವೆ ನಿಂತು ಜಲ್ಲೆ ತಿನ್ನುತ್ತಿದ್ದ. ತಡವಾಗಿ ಬಂದ ಬೀಗರ ಮುಂದೆ ಕೈಮುಗಿಯುವುದು ಬಿಟ್ಟು ಮಾಮ, ಡಿಗ್ರಿಗೆ ಅರವತ್ತು ಮಿನಿಟು, ಮೂವತ್ತು ಮಿನಿಟೆಂದರೆ ಅರ್ಧ ಡಿಗ್ರಿ, ನೀವು ಪಾಯಿಂಟ್ ಐದು ಒತ್ತಬೇಕಿತ್ತು ಎಂದು ಅವರಿಗೇ ಲೆಕ್ಕ ಕಲಿಸಲು ನಿಂತ. ಬೀಗರು ಒಳ್ಳೆಯವರು, ಮದುವೆ ನಿಲ್ಲಲಿಲ್ಲ.

ಇಷ್ಟೆಲ್ಲದರ ನಡುವೆ ಪ್ರತಿ ಬೇಸಿಗೆ ಒಳಕಲ್ಲಿನ ಶೋಧ ತಪ್ಪಲಿಲ್ಲ. ಹಿನ್ನೀರು ಇಳಿದು ಹಳೆಯ ಊರಿನ ನೆಲ ಕಂಡಿತೋ ಇಲ್ಲವೋ, ಮಾಮ ಮೊಬೈಲು, ಗುದ್ದಲಿ, ನಕಾಶೆ ಹಿಡಿದು ಹೊರಟ. ಅತ್ತೆ ಹೊಸ ಇಳಕಲ್ ಸೀರೆ ಉಟ್ಟು, ರೊಟ್ಟಿ ಬುತ್ತಿ ಕಟ್ಟಿಕೊಂಡು ಹಿಂದೆ. ನಕಾಶೆಯ ಚುಕ್ಕೆಯಿಂದ ಓದಿದ ಅಂಕಿಗೆ ಮೊಬೈಲಿನ ಅಂಕಿ ಸರಿಯಾಗಿ ಕೂಡಿದ ಜಾಗದಲ್ಲಿ ಅಗೆಯುವುದು. ಒಂದು ವರ್ಷ ತೂತುಬಿದ್ದ ಬೋಗುಣಿ ಸಿಕ್ಕಿತು. ಒಂದು ವರ್ಷ ಚಕ್ಕಡಿಯ ಗಾಲಿಯ ಪಟ್ಟಿ. ಒಳಕಲ್ಲು ಮಾತ್ರ ಸಿಗಲಿಲ್ಲ.

ಹೋದ ಬೇಸಿಗೆ ಅಗೆಯುವ ಕೆಲಸಕ್ಕೆ ನಾನೂ ಹೋಗಿದ್ದೆ. ಮೊಣಕಾಲುದ್ದ ಅಗೆದರೂ ಬರೀ ಮಣ್ಣು. ಮಾಮ ಉಪಗ್ರಹಕ್ಕೆ ಬೈದ. ಪರೀಕ್ಷೆ ಮಾಡೇಬಿಡೋಣ ಎಂದು ದಿಬ್ಬದ ಮೇಲಿದ್ದ ಹಳೆಯ ಮೋಜಣಿ ಕಲ್ಲಿನ ಹತ್ತಿರ ಕರೆದೊಯ್ದ. ನಕಾಶೆಯಲ್ಲಿ ಆ ಕಲ್ಲಿಗೆ ಬರೆದ ಅಂಕಿಯನ್ನು ಮೊಬೈಲಿಗೆ ಕೊಟ್ಟರೆ, ಅದು ಒಂದು ಹೊಲದಷ್ಟು ಆಚೆ ತೋರಿಸಿತು! ಮಾಮ ಕನ್ನಡಕ ಒರೆಸಿ, ನಕಾಶೆಯ ಅಂಚಿನ ಸಣ್ಣ ಅಕ್ಷರವನ್ನು ಜನ್ಮದಲ್ಲಿ ಮೊದಲ ಸಲ ಓದಿದ. ನಕಾಶೆ ಮಾಡಿದವರು ಭೂಮಿ ಇಷ್ಟು ದುಂಡಗಿದೆ ಎಂದು ಒಂದು ಲೆಕ್ಕ ಹಿಡಿದಿದ್ದರು. ಉಪಗ್ರಹದವರದು ಬೇರೆಯೇ ಲೆಕ್ಕ. ಹಾಗಾಗಿ ಅದೇ ಅಂಕಿ ಅಲ್ಲೊಂದು ಜಾಗ ತೋರಿಸುತ್ತದೆ, ಇಲ್ಲೊಂದು. ಇಷ್ಟು ವರ್ಷ ಮಾಮ ಯಾರದೋ ಹಿತ್ತಿಲು ಅಗೆದಿದ್ದ.

ಕಲ್ಲಿಗೆ ಬಂದ ವ್ಯತ್ಯಾಸವನ್ನೇ ಚುಕ್ಕೆಗೂ ಹಾಕಿ ಕೆಳಗಿಳಿದೆವು. ಈ ಸಲ ಮಾಮನ ಓಣಿಗೇ ಬಂದು ನಿಂತೆವು, ಬಾವಿಯ ಕಟ್ಟೆಯೂ ಕಂಡಿತು. ಆದರೆ ಎಲ್ಲಿ ಅಗೆಯುವುದು? ಆ ನಕಾಶೆಯ ಮೇಲೆ ಪೆನ್ಸಿಲ್ಲಿನ ಚುಕ್ಕೆಯ ದಪ್ಪವೇ ನೆಲದ ಮೇಲೆ ಇಪ್ಪತ್ತೈದು ಮೀಟರ್ ಆಗುತ್ತಿತ್ತು. ಅದರೊಳಗೆ ನಾಲ್ಕು ಮನೆ, ಮೇಲೆ ಅಷ್ಟೂ ಹೂಳು. ಅಂದು ಅಳತೆ ಹಿಡಿದ ಹನುಮಪ್ಪನ ಗುಡಿಯ ಗುರುತೂ ಉಳಿದಿರಲಿಲ್ಲ. ಮಾಮ ಮೊಬೈಲನ್ನು ಜೇಬಿಗೆ ಹಾಕಿ ಹಸಿ ಮಣ್ಣಿನ ಮೇಲೆ ಕೂತುಬಿಟ್ಟ.

"ಮಂದಿಗೆಲ್ಲಾ ಹದ್ದು ತೋರಿಸಿದೆ. ಹೇಣ್ತಿಗೆ ಅಡಗಿಮನಿ ತೋರಸಾಕ ಆಗಲಿಲ್ಲ ನೋಡು" ಎಂದ.

ಅತ್ತೆ ಎದ್ದಳು. ನಾವು ಕುಡಿಯಲು ತಂದಿದ್ದ ಕೊಡ ಖಾಲಿಯಾಗಿತ್ತು. ಅದನ್ನು ಹೊಳೆಯಲ್ಲಿ ತುಂಬಿಕೊಂಡು ಬಾ ಎಂದು ನನಗೆ ಹೇಳಿದಳು. ಯಾಕೆಂದು ಕೇಳಿದರೆ, ಖಾಲಿ ಕೈಯಲ್ಲಿ ನಡೆದರೆ ಹೆಜ್ಜೆ ಉದ್ದವಾಗುತ್ತದೆ ಎಂದಳು. ತುಂಬಿದ ಕೊಡ ಸೊಂಟಕ್ಕೇರಿಸಿ, ಬಾವಿಯ ಕಟ್ಟೆಗೆ ಬೆನ್ನು ಮಾಡಿ ನಡೆದಳು. ಹದಿನೆಂಟು ಹೆಜ್ಜೆ ನೆಟ್ಟಗೆ. ಎಡಕ್ಕೆ ತಿರುಗಿದಳು. ಇಲ್ಲದ ಹೊಸ್ತಿಲನ್ನು ಕಾಲೆತ್ತಿ ದಾಟಿದಳು. ಇನ್ನೂ ಹದಿನಾಲ್ಕು ಹೆಜ್ಜೆ. ಕೊಡ ಇಳಿಸಿ, ಇಲ್ಲಿ ಅಗೆ ಎಂದಳು.

ಮೊಳದುದ್ದ ಅಗೆಯುವುದರೊಳಗೆ ಗುದ್ದಲಿ ಠಣ್ ಎಂದಿತು. ಅತ್ತೆ ಕುಕ್ಕುರುಗಾಲಲ್ಲಿ ಕೂತು ಕುಳಿಯೊಳಗಿನ ಹೂಳನ್ನು ಬೆರಳಿನಿಂದ ಬಳಿದು ತೆಗೆದಳು, ರಂಜಕ ಬಳಿದ ಹಾಗೆ.

ಮಾಮ ಬಗ್ಗಿ ಕಲ್ಲನ್ನು ಮುಟ್ಟಿ ನೋಡಿದ. "ಇಷ್ಟ ಚೊಲೋ ಗೊತ್ತಿತ್ತಂದ್ರ ಇಷ್ಟ ವರ್ಷ ಯಾಕ ಸುಮ್ಮನಿದ್ದಿ?"

ಅತ್ತೆ ತಲೆ ಎತ್ತಲಿಲ್ಲ. "ಮೊದಲನೇ ವರ್ಷಾನ ಸಿಕ್ಕಿದ್ರ, ಎರಡನೇ ವರ್ಷ ನನ್ನ ಎಲ್ಲಿಗಿ ಕರಕೊಂಡ ಹೋಗ್ತಿದ್ರಿ?"

ಮಾಮ ಒಂದು ಸಲ ಕಲ್ಲನ್ನು ನೋಡಿದ, ಒಂದು ಸಲ ಅವಳನ್ನು ನೋಡಿದ. ಮಣ್ಣು ಮುಚ್ಚು ಎಂದು ನನಗೆ ಸನ್ನೆ ಮಾಡಿ, ನೀರಿನ ಕೊಡವನ್ನು ಎತ್ತಿ ತನ್ನ ಹೆಗಲ ಮೇಲಿಟ್ಟುಕೊಂಡ. ನಾನು ಗುದ್ದಲಿಯಿಂದ ಮಣ್ಣು ಎಳೆದೆ.

"ಒಮ್ಮಿ ಅಳದದ್ದು ಅಳತಿ ಅಲ್ಲ" ಎಂದ ಅವಳಿಗೆ. "ಮುಂದಿನ ವರ್ಷ ಇಬ್ಬರೂ ಬಂದು ಮತ್ತೊಮ್ಮಿ ನೋಡೂಣು."