ನಡುಮನೆಯಲ್ಲಿ ನಿಂತ ಆನೆ

ಮಕ್ಕಳ ಜೊತೆ ದಿನಾ ಸ್ವಲ್ಪ ಹೊತ್ತು ಹಾಡಿ ಕುಣಿದರೆ ಅವರ ಬುದ್ಧಿ ಚುರುಕಾಗುತ್ತದೆ ಎಂದು ಶಿಶುವಿಹಾರದ ಟೀಚರ್ ಪೋಷಕರ ಸಭೆಯಲ್ಲಿ ಹೇಳಿದರು. ಕುಣಿದ ಅಪ್ಪನ ಮಂಡಿ ಏನಾಗುತ್ತದೆಂದು ಅವರು ಹೇಳಲಿಲ್ಲ, ನನಗೆ ಕೇಳಲು ಧೈರ್ಯ ಬರಲಿಲ್ಲ. (ಉಳಿದ ಅಪ್ಪಂದಿರೆಲ್ಲ ಹುಡುಗರು. ನನ್ನನ್ನು ಅಜ್ಜ ಎಂದುಕೊಂಡು ಟೀಚರ್ ಆಗಲೇ ಕುರ್ಚಿ ತರಿಸಿದ್ದರು.)

ನನ್ನ ಹೆಂಡತಿ ಆಸ್ಪತ್ರೆಯಲ್ಲಿ ನರ್ಸು. ಆ ವಾರ ರಾತ್ರಿ ಪಾಳಿ. ಭಾನುವಾರ ಬೆಳಿಗ್ಗೆ ಮನೆಗೆ ಬಂದವಳು ಹಾಲಿನ ಪ್ಯಾಕೆಟ್ಟನ್ನು ಚಪ್ಪಲಿ ಸ್ಟ್ಯಾಂಡಿನಲ್ಲಿಟ್ಟು, ಚಪ್ಪಲಿ ಹಿಡಿದುಕೊಂಡು ಅಡುಗೆಮನೆಗೆ ನಡೆದಳು. ರಾತ್ರಿಗೆ ಮತ್ತೆ ಡ್ಯೂಟಿ. ಸರಿಯಾಗಿ ನಿದ್ದೆ ಮಾಡದಿದ್ದರೆ ಯಾರ ಮಾತ್ರೆ ಯಾರ ಬಾಯಿಗೆ ಹೋಗುತ್ತದೋ ಎಂದು ನನಗೆ ದಿಗಿಲಾಯಿತು.

"ನೀನು ಮಲಗು. ಮನೇಲಿ ಯಾರೂ ಕಮಕ್ ಕಿಮಕ್ ಅನ್ನದ ಹಾಗೆ ನಾನು ನೋಡ್ಕೋತೀನಿ" ಎಂದೆ.

ಅವಳು ನನ್ನನ್ನು, ನಂತರ ಮಕ್ಕಳನ್ನು ನೋಡಿ ಒಳಗೆ ಹೋದಳು.

ನನ್ನ ಮಹಾಯೋಜನೆ ಸರಳವಾಗಿತ್ತು. ಸಣ್ಣ ದನಿಯಲ್ಲಿ ಹಾಡು ಹಾಕುವುದು, ಮಕ್ಕಳನ್ನು ಕುಣಿಸಿ ಸುಸ್ತು ಮಾಡುವುದು, ಮಲಗಿಸುವುದು. ಬುದ್ಧಿಗೆ ಬುದ್ಧಿ, ನಿದ್ದೆಗೆ ನಿದ್ದೆ. ದೊಡ್ಡವಳು ಶಿಶುವಿಹಾರದ ಆನೆ ಆಟವೇ ಬೇಕೆಂದಳು. ಹಾಡು ಇರುವಷ್ಟು ಹೊತ್ತು ಆನೆಯಂತೆ ನಡೆಯಬೇಕು, ನಿಂತೊಡನೆ ಇದ್ದ ಭಂಗಿಯಲ್ಲೇ ಕಲ್ಲಾಗಬೇಕು. ಫೋನು ಅವಳ ಕೈಯಲ್ಲಿ, ಆದ್ದರಿಂದ ಅಧಿಕಾರವೂ ಅವಳದೇ. ಇನ್ನೂ ಮಾತು ಬಾರದ ಚಿಕ್ಕವನು ನನ್ನ ಕಾಲಿಗೆ ಜೋತುಬಿದ್ದ ಮರಿಯಾನೆ.

ಮೆಲ್ಲಗೆ ಹೆಜ್ಜೆ ಇಡಮ್ಮಾ ಎಂದು ಬೇಡಿಕೊಂಡೆ. "ಅಪ್ಪಾ, ನೀನು ಬೆಕ್ಕಿನ ಥರ ನಡೀತಿದ್ದೀಯ" ಎಂದು ಬೈಸಿಕೊಂಡೆ. ನೆಲ ಗುಡುಗಿತು, ಶೋಕೇಸಿನ ಲೋಟಗಳು ಗಿಲಿಗಿಲಿ ಎಂದವು. ಪ್ರತಿ ಹೆಜ್ಜೆಗೂ ನನ್ನ ಕಣ್ಣು ಮಲಗುವ ಕೋಣೆಯ ಬಾಗಿಲ ಮೇಲೆ. ಪುಣ್ಯಕ್ಕೆ ಅದು ಅಲುಗಲಿಲ್ಲ.

ಹಾಡು ನಿಂತಿತು. ಬಲಗೈ ಸೊಂಡಿಲು, ಎಡಗೈ ಬಾಲವಾಗಿ ನಾನು ಕಲ್ಲಾದೆ. ಚಿಕ್ಕವನು ನನ್ನ ಪಾದದ ಮೇಲೆ ಕುಳಿತು, ಮೊಣಕಾಲು ತಬ್ಬಿ, ಅಲ್ಲೇ ನಿದ್ದೆ ಹೋದ. ದೊಡ್ಡವಳು ಫೋನನ್ನು ಸೋಫಾದ ಮೇಲಿಟ್ಟು ಬಣ್ಣದ ಪೆನ್ಸಿಲುಗಳ ಕಡೆ ಹೋದಳು. ಹಾಡು ಹಾಕೇ ಎಂದು ಪಿಸುಗುಟ್ಟಿದರೆ, ಅಲ್ಲಾಡಿದರೆ ಔಟ್ ಅಂತ ಕೂಗ್ತೀನಿ ಎಂದಳು. ಕಾಲೆಳೆದರೆ ಇವನ ಅಳು, ಸೊಂಡಿಲು ಇಳಿಸಿದರೆ ಅವಳ ಕೂಗು. ಎರಡರಲ್ಲಿ ಯಾವುದಾದರೂ ಸಾಕು, ಒಳಗಿನ ನಿದ್ದೆ ಮಣ್ಣುಪಾಲು. ನಿಂತೆ. ಬೆನ್ನು ಬಿಗಿಯಿತು, ಪಾದ ಜೋಮು ಹಿಡಿಯಿತು, ಮೂಗು ತುರಿಸಿತು. ಆದರೆ ಮನೆ ಎಷ್ಟು ಶಾಂತವಾಗಿತ್ತೆಂದರೆ, ಗಂಡನೆಂದರೆ ಹೀಗಿರಬೇಕು ಎಂದು ನನ್ನ ಮೇಲೆ ನನಗೇ ಗೌರವ ಬಂತು.

ಅಷ್ಟರಲ್ಲಿ ಬಾಗಿಲು ಧಡಾರನೆ ತೆರೆಯಿತು. ಕೆದರಿದ ತಲೆಯಲ್ಲಿ ಓಡಿಬಂದ ಹೆಂಡತಿ ಮೊದಲು ಚಿಕ್ಕವನ ನಾಡಿ ಹಿಡಿದಳು, ಆಮೇಲೆ ನನ್ನದು.

"ಏನಾಯ್ತು ರೀ?"

"ಏನೂ ಆಗಿಲ್ಲ. ನಿನಗೆ ನಿದ್ದೆ ಬರ್ಲಿ ಅಂತ ಸದ್ದು ನಿಲ್ಲಿಸಿದೀನಿ."

ಅವಳು ಗೋಡೆಗೆ ಒರಗಿದಳು. "ಯಾರು ನಿಲ್ಲಿಸೋಕೆ ಹೇಳಿದ್ದು? ವಾರ್ಡಲ್ಲಿ ಮಿಷನ್ನು ಸದ್ದು ಮಾಡ್ತಾ ಇದ್ರೆ ಎಲ್ಲಾ ಸರಿಯಾಗಿದೆ ಅಂತ. ನಿಂತ್ರೆ ಎದ್ದು ಓಡ್ಬೇಕು. ನೀವು ಕುಣೀತಿದ್ದಾಗ ಎಷ್ಟು ಚೆನ್ನಾಗಿ ನಿದ್ದೆ ಹತ್ತಿತ್ತು ಗೊತ್ತಾ?"

ಚಿಕ್ಕವನನ್ನು ಎತ್ತಿ ಹೆಗಲಿಗೆ ಹಾಕಿಕೊಂಡಳು. ಅವನು ಮಿಸುಕಲೂ ಇಲ್ಲ. ಹೋಗುವ ದಾರಿಯಲ್ಲೇ ಫೋನೆತ್ತಿ, ಹಾಡು ಹಚ್ಚಿ, ದನಿ ಏರಿಸಿ ಮಗಳ ಕೈಗೆ ಕೊಟ್ಟಳು. ಮಗಳು ಪೆನ್ಸಿಲು ಬಿಟ್ಟು ಎದ್ದಳು.

ಜೋಮು ಹಿಡಿದ ಕಾಲನ್ನು ಎಳೆದುಕೊಂಡು ನಾನು ಸೋಫಾದ ಕಡೆ ಹೊರಟಿದ್ದೆ. ಒಳಗಿನಿಂದ ಅರೆನಿದ್ದೆಯ ದನಿ ಬಂತು:

"ರೀ, ದೊಡ್ಡಾನೆ ಸ್ವಲ್ಪ ಜೋರಾಗಿ ನಡೀಲಿ. ಕೇಳಿಸ್ತಿಲ್ಲ."